ಮುಟ್ಟಬಾರದ ಮೈ

ಹುಲಗೆಮ್ಮ ಬಾಯಿಬಿಟ್ಟು ಆಕಳಿಸಿದ್ದೇ ತಡ, ಅಂಗಳದಲ್ಲಿದ್ದವರೆಲ್ಲ ಹಿಂದೆ ಸರಿದರು. ಮಂಗಳವಾರ ಮಧ್ಯಾಹ್ನ ಅವಳ ಮೈಮೇಲೆ ದೇವಿ ಬರುತ್ತಾಳೆ, ಬಂದಾಗ ಯಾರೂ ಮುಟ್ಟಬಾರದು ಎನ್ನುವುದು ಕಲ್ಲೂರಿನ ಆ ಓಣಿಯ ಕೂಸಿಗೂ ಗೊತ್ತು. ಗಂಡ ಯಂಕೋಬ ಭಂಡಾರದ ಅರಿಶಿನಪುಡಿಯ ಬಟ್ಟಲು ಹಿಡಿದು ನಿಂತ. ಪ್ರಶ್ನೆ ಕೇಳಲು ದೇವದುರ್ಗದಿಂದ ಬಂದಿದ್ದ ಹೆಂಗಸು ಸೆರಗೊಡ್ಡಿ ಕುಳಿತಳು.

ಆದರೆ ಇವತ್ತು ಬಂದದ್ದು ದೇವಿಯಲ್ಲ. ದೇವಿ ಬರುವಾಗ ಅಂಗಾಲಿನಿಂದ ಬಿಸಿ ಏರುತ್ತದೆ, ಕಣ್ಣು ಕತ್ತಲೆಗಟ್ಟುತ್ತದೆ, ಆಮೇಲಿನದೊಂದೂ ಅವಳಿಗೆ ನೆನಪಿರುವುದಿಲ್ಲ. ಇದು ತಣ್ಣಗಿತ್ತು. ಕುತ್ತಿಗೆಯಿಂದ ಬೆವರು ಬಾವಿಯ ನೀರಿನ ಹಾಗೆ ಇಳಿಯುತ್ತಿತ್ತು. ದವಡೆಯನ್ನು ಯಾರೋ ಒಳಗಿನಿಂದ ಹಿಡಿದು ಜಗ್ಗುತ್ತಿದ್ದರು, ಬೆನ್ನಿನ ನಡುವೆ ಭಾರ, ಹೊಟ್ಟೆಯಲ್ಲಿ ತೊಳಸು. ಎದೆ ಮಾತ್ರ ಸುಮ್ಮನಿತ್ತು. ಎಲ್ಲಕ್ಕೂ ಮೇಲೆ ಒಂದು ಹೆದರಿಕೆ. ಯಾರೋ ಹೊಸ್ತಿಲಿಗೆ ಬಂದು ನಿಂತಿದ್ದಾರೆ, ಒಳಗೆ ಕಾಲಿಡುವುದೊಂದೇ ಬಾಕಿ.

ಚೀಕಲಪರ್ವಿಯಲ್ಲಿ ಅಕ್ಕ ಬಂಡೆಮ್ಮ ಹೋದದ್ದೂ ಹೀಗೆಯೇ. ದವಡೆ ಹಲ್ಲಿನ ನೋವೆಂದು ಲವಂಗ ಕಚ್ಚಿಕೊಂಡು ಮಲಗಿದವಳು ಏಳಲೇ ಇಲ್ಲ. ಹೆಂಗಸರಿಗೆ ಎದೆ ನೋಯದೆಯೂ ಹಾರ್ಟ್ ಅಟ್ಯಾಕ್ ಆಗುತ್ತದೆ ಎಂದು ಡಾಕ್ಟರು ಹೇಳಿದ್ದು ಆಮೇಲೆ. ಹೆಣದ ಮುಂದೆ ಆ ಜಾಣತನ ಯಾರಿಗೆ ಬೇಕಾಗಿತ್ತು?

"ದವಡಿ... ಬೆನ್ನು..." ಎಂದಳು ಹುಲಗೆಮ್ಮ.

"ದವಡಿ ಅಂದಳು ತಾಯಿ!" ಯಂಕೋಬ ಕೂಗಿದ. "ಹರಕಿ ನುಂಗಿದೋರು ಯಾರದೀರಿ, ಒಪ್ಕೊಳ್ರಿ!"

ದೇವದುರ್ಗದವಳು ಗೊಳೋ ಎಂದು ಅತ್ತು ಯಾವುದೋ ಕೋಳಿಯ ಹರಕೆ ಒಪ್ಪಿಕೊಂಡಳು.

"ನಾನು... ಹುಲಗಿ... ದವಾಖಾನಿಗಿ ಒಯ್ರಿ..."

"ತಾಯಿ ನಮ್ಮನ್ನ ಪರೀಕ್ಷಾ ಮಾಡಾಕತ್ತಾಳ," ಎಂದು ಅವನು ದೂರದಿಂದಲೇ ಭಂಡಾರ ಎರಚಿದ. ಅತ್ತೆಯ ತುಟಿ ಬೂದಿಯಂತಾದದ್ದು ಕಂಡು ಸೊಸೆ ರಾಧಾ ಮುಂದೆ ಬಂದಳು. ಅವನು ಕೈ ಅಡ್ಡ ಹಿಡಿದ. "ಮುಟ್ಟಬ್ಯಾಡವಾ, ಸುಟ್ಟು ಹೋಗ್ತಿ."

ಹುಲಗೆಮ್ಮನ ಮಾತಿಗೆ ಈಗ ಕವಡೆ ಕಿಮ್ಮತ್ತಿಲ್ಲ. ಕೇಳಿಸುವುದಾದರೆ ದೇವಿಯ ಮಾತೇ ಕೇಳಿಸಬೇಕು. ಆ ಹೆಸರಿನಲ್ಲಿ ಅವಳು ಜನ್ಮದಲ್ಲಿ ಸುಳ್ಳಾಡಿದವಳಲ್ಲ, ಆಡಲು ಜೀವ ನಡುಗಿತು. ಆದರೂ ತುರುಬು ಬಿಚ್ಚಿ ತಲೆ ಕೊಡವಿದಳು.

"ಯಂಕೋಬಾ!"

ಮದುವೆಯಾದಾಗಿನಿಂದ ಅವಳ ಬಾಯಲ್ಲಿ ಬಂದಿರದ ಹೆಸರು.

"ಈ ಮೈ ನನಗ ಇನ್ನೂ ಬೇಕು. ಈಗಿಂದೀಗ ರಾಯಚೂರಿಗಿ ಒಯ್ಯೋ, ಎದಿ ನೋಡೋ ಡಾಕ್ಟರ್ ಕಡಿ. ತಡಾ ಮಾಡಿದ್ರ ನಿನ್ನ ಮನಿ ಹಾಳು!"

ಆ ದನಿಗೆ ಅವಳ ಮೈಯೇ ಜುಮ್ಮೆಂದಿತು. ಅಷ್ಟು ಉಸಿರು ತನ್ನಲ್ಲಿ ಉಳಿದಿರಲಿಲ್ಲವಲ್ಲ!

ಮಗ ತಿರುಪತಿ ಆಟೋ ತಂದ. ಕೈ ತಾಗದ ಹಾಗೆ ಕೌದಿಯ ನಾಲ್ಕು ಮೂಲೆ ಹಿಡಿದು ಅವಳನ್ನು ಎತ್ತಿ ಒಳಗಿಟ್ಟರು. ಯಂಕೋಬ, ರಾಧಾ ಜೊತೆಗೆ ಹತ್ತಿದರು.

ರಾಯಚೂರಿನ ಆಸ್ಪತ್ರೆಯಲ್ಲಿ ಕಟ್ಟಿಕೊಂಡಿದ್ದ ರಕ್ತನಾಳ ಬಿಡಿಸಿದ ಡಾಕ್ಟರು, "ಛಲೋ ಹೊತ್ತಿಗೆ ತಂದೀರಿ. ಇದು ಹಾರ್ಟಿಂದು ಅಂತ ಯಾರು ಗುರುತು ಹಿಡಿದ್ರಿ?" ಎಂದು ಕೇಳಿದರು. ಯಂಕೋಬ ಕೈಮುಗಿದ.

ಮರುದಿನವೂ ಅವನು ಮಂಚದಿಂದ ದೂರವೇ ಕುಳಿತಿದ್ದ. ಹುಲಗೆಮ್ಮನಿಗೆ ಸಂಕಟವಾಯಿತು.

"ಹತ್ರ ಬರ್ರಿ. ಅದು ತಾಯಿ ಅಲ್ಲ, ನಾನ ಅಂದಿದ್ದು. ಜೀವದ ಆಸಿಗಿ ಸುಳ್ಳು ಹೇಳಿದೆ."

"ನಿನಗೇನು ಗೊತ್ತಿರ್ತಾದ? ಯಾವತ್ತರ ನೆನಪಿಟ್ಟಿಯೇನು?"

"ಈ ಸಲ ಎಲ್ಲಾ ನೆನಪದ. ಕೌದ್ಯಾಗ ಎತ್ತಿದ್ದು, ಆಟೋದಾಗ ಇಟ್ಟಿದ್ದು. ದಾರಿ ತುಂಬ ಬಾಯಿ ಮುಚ್ಚಿಕೊಂಡು, ಕಣ್ಣು ಬಿಟ್ಟುಕೊಂಡು ಬಂದೀನಿ."

ಯಂಕೋಬ ಅವಳನ್ನೇ ನೋಡಿದ. "ದಾರಿ ತುಂಬ ಮಾತಾಡ್ಕೊಂತ ಬಂದಿ," ಎಂದ ಮೆಲ್ಲಗೆ. "ರಾಧಾನೂ ಕೇಳ್ಯಾಳ."

ಅವಳು ಮೊಣಕೈಯೂರಿ ಏಳಹೋದಳು. "ನಾನೇನಂದೆ?"

ಅವನು ಎದ್ದು ಮಂಚದ ಕಾಲ್ದೆಸೆಗೆ ಬಂದು, ಹೊದಿಕೆಯ ಮೇಲಿಂದಲೇ ಹೆಂಡತಿಯ ಪಾದ ಮುಟ್ಟಿ ಕಣ್ಣಿಗೊತ್ತಿಕೊಂಡ.