ಹದಿನಾಲ್ಕನೆಯ ಮಂಗಳವಾರ

ಹದಿಮೂರು ಆಟ ಗೆದ್ದವನನ್ನು ಚದುರಂಗ ಸಂಘದವರು ಹೊಸಿಲು ದಾಟಲು ಬಿಡಲಿಲ್ಲ. ಆ ಆಟಗಳನ್ನು ಸೀತಾಪತಿರಾಯರ ಹೆಸರಿನಲ್ಲಿ ಅಚ್ಚು ಹಾಕಿದರು.

ಸಂಘದ ಕಿಟಕಿಗೆ ಆರು ಕಬ್ಬಿಣದ ಸರಳುಗಳಿದ್ದವು. ನಡುವಿನ ಎರಡು, ಎದೆಮಟ್ಟದಲ್ಲಿ, ಸವೆದು ತೆಳುವಾಗಿದ್ದವು. ಮೊದಲ ದಿನವೇ ನಾನದನ್ನು ನೋಡಿದ್ದೆ. ನೋಡಿದ್ದೆ, ಅಷ್ಟೆ.

ಗತಿಸಿದ ರಾಯರ ಐವತ್ತು ಆಟಗಳ ಪುಸ್ತಕವನ್ನು ಸಂಘ ಮತ್ತೆ ಅಚ್ಚು ಹಾಕಿಸುತ್ತಿತ್ತು. ಒಂದೊಂದು ಆಟವನ್ನೂ ಕಂಪ್ಯೂಟರಿನ ಎಂಜಿನ್ನಿಗೆ ಒಡ್ಡಿ, ಅದು ಹೇಳಿದ್ದನ್ನು ಟಿಪ್ಪಣಿಯಾಗಿ ಬರೆಯುವ ಕೆಲಸ ನನ್ನದು.

"ನಮ್ಮ ರಾಯರು ಮಿಷೀನಿಗೂ ಮೇಷ್ಟ್ರು ಅಂತ ಜನಕ್ಕೆ ಗೊತ್ತಾಗ್ಲಿ ಕಣಯ್ಯ," ಎಂದರು ಕಾರ್ಯದರ್ಶಿ ಅನಂತಶಯನರು.

ಎಂಜಿನ್ನಿಗೆ ಭಯಭಕ್ತಿ ಇಲ್ಲ. ಜರತಾರಿ ಪೇಟವಾಗಲಿ, ಜಾತಿಯಾಗಲಿ, ಗೋಡೆಯ ಮೇಲಿನ ಭಾವಚಿತ್ರವಾಗಲಿ ಅದಕ್ಕೆ ಕಾಣುವುದಿಲ್ಲ. ಕಾಣುವುದು ಅರವತ್ತನಾಲ್ಕು ಮನೆ. ಮೂವತ್ತಾರು ಆಟಗಳಲ್ಲಿ ರಾಯರು ಹತ್ತು ನಡೆಗೊಮ್ಮೆ ಎಡವಿದ್ದರು. ಹದಿಮೂರರಲ್ಲಿ ಮಾತ್ರ ಎಂಜಿನ್ನು ಆರಿಸಿದ ನಡೆಯನ್ನೇ ಒಂದರ ಹಿಂದೊಂದು ಆಡಿದ್ದರು. ಇದು ಒಬ್ಬನ ತಲೆಯಲ್ಲ ಎನಿಸಿತು. ತಾರೀಕುಗಳನ್ನು ಹಳೆಯ ಪಂಚಾಂಗಕ್ಕೆ ಹಿಡಿದು ನೋಡಿದೆ. ಹದಿಮೂರೂ ಮಂಗಳವಾರ.

ಐವತ್ತನೆಯದೂ ಮಂಗಳವಾರದ್ದೇ. ಇಪ್ಪತ್ತನಾಲ್ಕು ನಡೆಯವರೆಗೆ ಕೂದಲೆಳೆಯಷ್ಟೂ ತಪ್ಪಿಲ್ಲ. ಆಮೇಲೆ ಎರಡು ಆನೆಗಳಲ್ಲಿ ಯಾವುದನ್ನಾದರೂ ನಡುಸಾಲಿಗೆ ತರಬಹುದಾಗಿತ್ತು. ಎಡದ್ದನ್ನು ತಂದರೆ ಗೆಲುವು. ರಾಯರು ಬಲದ್ದನ್ನು ತಂದು ಸೋತರು. ಮತ್ತೆಂದೂ ಆಡಲಿಲ್ಲ.

ನಮ್ಮೂರಿನಲ್ಲಿ ಮಂಗಳವಾರ ಯಾರಿಗೆ ಬಿಡುವು? ಕಿಟಕಿಯಿಂದ ಹೊರಗೆ ನೋಡಿದೆ. ಓಣಿಯ ಆಚೆ, ಮಂಗಳವಾರ ಬಾಗಿಲು ಹಾಕುವ ಚೌಡಪ್ಪನ ಕ್ಷೌರದಂಗಡಿ. ಈಗ ಅದನ್ನು ನಡೆಸುತ್ತಿದ್ದವಳು ಅವನ ಮಗಳು ಮುನಿಲಕ್ಷ್ಮಮ್ಮ.

"ನಿಮ್ಮ ತಂದೆ ಮಂಗಳವಾರ ಏನು ಮಾಡ್ತಿದ್ರಮ್ಮ?" ಎಂದು ಕೇಳಿದೆ.

"ಕಿಟಕಿ ಕಾಯೋರು," ಎಂದಳು, ಗಿರಾಕಿಯ ಗಲ್ಲಕ್ಕೆ ನೊರೆ ಹಚ್ಚುತ್ತ. "ಯಾವ ಕಾಯಿ ಅಂತ ಬೆರಳಲ್ಲಿ ತೋರ್ಸೋದು. ಯಾವ ಕಡೇದು ಅಂತ ಆ ಕಡೆ ಸರಳು ಹಿಡ್ಯೋದು. ರಾಯರು ಮೀಸೆ ತೀಡ್ಕೊಂಡು ಕಣ್ಣೆತ್ತಿ ನೋಡ್ಕಳೋರು. ಕೂತೋರಿಗೆ ಹಾರ, ನಿಂತೋರಿಗೆ ಕಾಲುನೋವು."

ಗಿರಾಕಿ ನಕ್ಕ. ಅವಳು ನಗಲಿಲ್ಲ.

"ಕೊನೇ ದಿನ ಪರಸ್ಥಳದೋನು ಗಾಳಿ ಬರ್ಲಿ ಅಂತ ಕಿಟಕಿಗೆ ಮುಖ ಮಾಡ್ಕೊಂಡು ಕೂತ. ರಾಯರ ಬೆನ್ನಿಗೆ ಬಂತು ಕಿಟಕಿ. ನಮ್ಮಂಗಡಿ ಕನ್ನಡೀನೇ ತರಿಸಿ ಎದುರುಗೋಡೆಗೆ ಹಾಕಿಸ್ಕೊಂಡ್ರು. ಸೋತ್ರು. 'ನಿನ್ನ ಕೈ ತಪ್ತು, ನನ್ನ ಮಾನ ಹೋಯ್ತು, ಇನ್ನು ಕಿಟಕಿ ಹತ್ರ ಕಾಣಿಸ್ಕೋಬೇಡ' ಅಂದ್ರು. ಅಪ್ಪ ಸಾಯೋಗಂಟ ಕೇಳೋರು, 'ನಂದೇ ತಪ್ಪಾ ಲಕ್ಷ್ಮೀ?' ಅಂತ. ನಾನೇನು ಹೇಳ್ಲಿ? ನಂಗೆ ಆಟ ಬರಾಕಿಲ್ಲ."

"ಕನ್ನಡಿಯಿಂದಾಗಿ ನಿಮ್ಮ ತಂದೆಗೇ ಎಡಬಲ ಗಲಿಬಿಲಿ ಆಗಿದ್ದರೆ?" ಎಂದೆ. ಅದು ನನ್ನ ದಡ್ಡತನ.

ಅವಳು ಗಿರಾಕಿಯ ಎಡಗೆನ್ನೆಯ ಮೇಲೆ ಬೆರಳಿಟ್ಟು ಕನ್ನಡಿಯತ್ತ ಗಲ್ಲ ಎತ್ತಿದಳು. "ನೋಡ್ರಿ, ಎಡಗೆನ್ನೆ ಕನ್ನಡೀಲೂ ಎಡಕ್ಕೇ ಐತೆ. ನಲವತ್ತು ವರ್ಷ ಇದರ ಮುಂದೆ ಕತ್ತಿ ಹಿಡಿದೋರಿಗೆ ಅದು ಗೊತ್ತಿಲ್ವಾ? ಕನ್ನಡಿ ತಿರುಗುಸ್ತದೆ ಅಂತ ತಿಳ್ಕೊಂಡು ಎಡಾನ ಬಲ ಮಾಡ್ಕೊಳ್ಳೋರು, ಅದ್ರಲ್ಲಿ ಮುಖ ಮಾತ್ರ ನೋಡ್ಕಳೋ ರಾಯರಂಥೋರು. ಆದ್ರೆ ಹೇಳಿದ್ರೆ ನಂಬೋರ್ಯಾರು?"

ಗಿರಾಕಿ ಹೋದ ಮೇಲೆ ಬೆಂಚಿನ ಮೇಲೆ ಪಟ ಹಾಸಿ, ಇಪ್ಪತ್ತನಾಲ್ಕನೆಯ ನಡೆಯ ನಂತರ ಇದ್ದ ಹಾಗೆ ಕಾಯಿಗಳನ್ನು ಜೋಡಿಸಿದೆ. ಎಂಜಿನ್ನಿನ ಮಾತು ಹೇಳಲಿಲ್ಲ. "ನಿಮ್ಮಪ್ಪ ಯಾವ ಆನೆ ಅಂದಿದ್ರು?"

ನೊರೆ ಆರದ ಬೆರಳು ನೇರವಾಗಿ ಎಡದ ಆನೆಯ ಮೇಲೆ ಬಂತು. "ಇದು. ಆ ಸೋಲಿನ ಮೇಲೆ ದಿನಾ ಬೆಳಗ್ಗೆ ಅಂಗಡಿ ತೆಗೆಯೋ ಮುಂಚೆ ಇದನ್ನೇ ತಳ್ಳಿ ತೋರ್ಸೋರು."

ಕಂಪ್ಯೂಟರನ್ನು ಅವಳ ಕಡೆ ತಿರುಗಿಸಿದೆ. ತೆರೆಯ ಮೇಲೆ ಅದೇ ಆನೆ, ಅದೇ ಮನೆಗೆ. ಅವಳು ತುಂಬ ಹೊತ್ತು ನೋಡಿದಳು. ಸೆರಗಿಗೆ ಕೈ ಒರೆಸಿಕೊಂಡಳು.

"ಬರೀರಿ," ಎಂದಳು.

ಬರೆದೆ. ಅನಂತಶಯನರು ಹಾಳೆಗಳನ್ನು ಮೇಜಿನ ಮೇಲೆ ಕುಕ್ಕಿದರು. "ಅಭಿಮಾನಿಯೊಬ್ಬರ ನೆರವು ಅಂತ ಕೊನೇಲಿ ಒಂದು ಸಾಲು ಹಾಕು, ಸಾಕು."

"ಹದಿಮೂರು ಆಟದ ಮೇಲೂ ಚೌಡಪ್ಪನವರ ಹೆಸರು. ಐವತ್ತನೆಯದರಲ್ಲಿ ಆ ಒಂದು ನಡೆ ಮಾತ್ರ ರಾಯರದ್ದು. ಬೇಡ ಅಂದ್ರೆ ನನ್ನ ಟಿಪ್ಪಣಿ ವಾಪಸು ಕೊಡಿ."

ಎಂಜಿನ್ನಿನ ಟಿಪ್ಪಣಿ ಇದೆಯೆಂದು ಊರೆಲ್ಲ ಕರಪತ್ರ ಹಂಚಿಯಾಗಿತ್ತು. ಅವರು ಹಲ್ಲು ಕಚ್ಚಿಕೊಂಡು ಒಪ್ಪಿದರು.

ಬಿಡುಗಡೆಯ ದಿನ, ಅದೂ ಮಂಗಳವಾರವೇ, ಮುನಿಲಕ್ಷ್ಮಮ್ಮ ಬಂದಳು. ಮೊದಲ ಸಲ ಆ ಹೊಸಿಲಿನ ಮುಂದೆ ನಿಂತಿದ್ದಳು. ಅನಂತಶಯನರು ಕೈಜೋಡಿಸಿ ಎದ್ದು ಬಂದರು. ಮಾತು ಬೆಣ್ಣೆಯಂತಿತ್ತು.

"ಅಮ್ಮ, ಆಚೆ ಕಿಟಕಿ ಹತ್ರ ಒಂಚೂರು ನಿಂತ್ಕೊಳಿ. ನಿಮ್ಮ ತಂದೆ ಹಿಡೀತಿದ್ದ ಹಾಗೇ ಆ ಸರಳು ಹಿಡ್ಕೊಳಿ. ಫೋಟೋ ಚೆನ್ನಾಗಿ ಬರತ್ತೆ."

ಅವಳು ಹೊಸಿಲು ದಾಟಿ ನೇರ ಒಳಗೆ ನಡೆದಳು. ಭಾವಚಿತ್ರದ ಕೆಳಗಿದ್ದ, ಹಾರ ಹಾಕಿದ್ದ ಕುರ್ಚಿಯ ಹಾರವನ್ನು ತೆಗೆದು ಮೇಜಿನ ಮೇಲಿಟ್ಟು ಕೂತಳು.

"ನಮ್ಮಪ್ಪ ನಿಂತಿದ್ದು ನಮ್ಮಿಬ್ಬರಿಗೂ ಆಗೋಷ್ಟಾಯ್ತು ಸಾಮಿ."

"ಏಳಿ ಅಮ್ಮ, ಅದು ರಾಯರ ಕುರ್ಚಿ."

ಮುಂದಿದ್ದ ಪಟದ ಮೇಲೆ ಕಿಟಕಿಯ ಬಿಸಿಲು ಬಿದ್ದಿತ್ತು, ಜೊತೆಗೆ ಆರು ಸರಳುಗಳ ನೆರಳು. ನಡುವಿನ ಎರಡು ತೆಳುವಾಗಿ. ಅವಳು ಆ ಎರಡು ನೆರಳುಗಳ ಮೇಲೆ ಕೈ ಊರಿಕೊಂಡು ಕೂತೇ ಇದ್ದಳು.