ಮೋಟನ ಬದಲಿಗೆ

ಚಿಕ್ಕಮ್ಮನಿಗೆ ಹಲ್ಲಿ ಕಂಡರೇ ಮೈ ಜುಮ್ಮೆನ್ನುತ್ತಿತ್ತು. ಇನ್ನು ಹಾವುರಾಣಿಯ ಮಾತು ಕೇಳಬೇಕೇ? ಆದರೆ ಅವಳು ಮದುವೆಯಾಗಿ ಬಂದ ಮನೆಯಲ್ಲಿ ಗಂಡ, ಗಂಡನ ಮೊದಲ ಹೆಂಡತಿಯ ಮಗಳು, ಗಾಜಿನ ಪೆಟ್ಟಿಗೆಯಲ್ಲೊಂದು ಹಾವುರಾಣಿ, ಮೂವರೂ ಮೊದಲೇ ಇದ್ದರು. ಹೊಂದಿಕೊಳ್ಳಬೇಕಾದವಳು ಅವಳೇ.

ಹಾವುರಾಣಿಯ ಹೆಸರು ಮೋಟ. ಬಾಲ ಅರ್ಧಕ್ಕೇ ತುಂಡಾಗಿತ್ತು. ಹಿತ್ತಿಲ ಕಲ್ಲುಗೋಡೆಯ ಸಂದಿಯಿಂದ ಅದನ್ನು ಹಿಡಿದು ಮಗಳಿಗೆ ಕೊಟ್ಟವಳು ತೀರಿಕೊಂಡ ತಾಯಿ. ಅವಳದೊಂದು ಕಟ್ಟಳೆಯಿತ್ತಂತೆ: ಹಿಡಿದದ್ದನ್ನು ನಾಲ್ಕು ದಿನ ನೋಡಿ, ಹಿಡಿದ ಜಾಗದಲ್ಲೇ ಬಿಟ್ಟುಬಿಡಬೇಕು. ಮೋಟನನ್ನು ಬಿಡುವ ಮೊದಲೇ ಆಕೆ ಆಸ್ಪತ್ರೆ ಸೇರಿದಳು, ತಿರುಗಿ ಬರಲಿಲ್ಲ. ಆಮೇಲೆ ಹುಡುಗಿ ಅದನ್ನು ಬಿಡಲೇ ಇಲ್ಲ.

ಚಿಕ್ಕಮ್ಮ ಹೊಲಿಗೆಯವಳು, ಮನೆಯ ಮುಂಕೋಣೆಯೇ ಅಂಗಡಿ. ಮಲತಾಯಿ ಎಂದರೆ ಸಾಕು, ಮುಂದಿನ ಕಥೆಯನ್ನು ಊರೇ ಕಟ್ಟಿಕೊಳ್ಳುತ್ತದೆ. ಬಟ್ಟೆ ಹೊಲಿಯಬಹುದು, ಊರ ಬಾಯಿ ಹೊಲಿಯಲಾದೀತೇ? ಅವಳಿಗೆ ಊರಿನ ಚಿಂತೆ ಇರಲಿಲ್ಲ. ಆ ಹುಡುಗಿಯ ಬಾಯಲ್ಲಿ ಒಮ್ಮೆ ಅಮ್ಮ ಎನ್ನಿಸಿಕೊಳ್ಳಬೇಕೆಂಬ ಆಸೆ ಮಾತ್ರ ಹೊಟ್ಟೆಯಲ್ಲಿ ಕೂತಿತ್ತು. ಅದಕ್ಕಾಗಿ ಚಿಂದಿಮೂಟೆಯಲ್ಲಿ ಜಿರಲೆ ಹಿಡಿದು, ಮುಖ ಆಚೆ ತಿರುಗಿಸಿಕೊಂಡೇ ಮೋಟನ ಪೆಟ್ಟಿಗೆಗೆ ಹಾಕುವಷ್ಟು ಪಳಗಿದ್ದಳು. ಹುಡುಗಿ ನೋಡಿ ನಗುತ್ತಿದ್ದಳು. ಆದರೂ ಅವಳ ಬಾಯಲ್ಲಿ ಚಿಕ್ಕಮ್ಮ ಚಿಕ್ಕಮ್ಮನೇ, ನೀವು ನೀವೇ.

ಶಾಲೆಯಿಂದ ಎರಡು ದಿನದ ಪ್ರವಾಸ ಹೊರಟಾಗ ಹುಡುಗಿ ಮೊದಲ ಬಾರಿಗೆ ಪೆಟ್ಟಿಗೆಯನ್ನು ಅವಳಿಗೊಪ್ಪಿಸಿದಳು. ಬಿಸಿಲು ಕಾಯಿಸದಿದ್ದರೆ ಮೋಟನಿಗೆ ತಿಂದದ್ದು ಅರಗುವುದಿಲ್ಲ, ಮರೆಯಬೇಡಿ ಎಂದು ಹೇಳಿಹೋದಳು. ಮರುದಿನ ಚಿಕ್ಕಮ್ಮ ಪೆಟ್ಟಿಗೆಯನ್ನು ಹಿತ್ತಿಲಲ್ಲಿ ಬಟ್ಟೆ ಒಗೆಯುವ ಕಲ್ಲಿನ ಮೇಲಿಟ್ಟಳು. ಕಾಗೆ ಕಚ್ಚಿಕೊಂಡು ಹೋದೀತೆಂದು ಗಾಜಿನ ಮುಚ್ಚಳವನ್ನೂ ಮುಚ್ಚಿದಳು. ಅಷ್ಟರಲ್ಲಿ ಕೋಟಿನ ತೋಳು ಬಿಗಿಯಾಯಿತೆಂದು ಗಿರಾಕಿಯೊಬ್ಬ ಬಂದು ಕೂತ. ಹೊಲಿಗೆ ಬಿಚ್ಚಿ ಸರಿಮಾಡಿ ಕಳಿಸಿ ಬಂದು ನೋಡಿದರೆ ಗಾಜು ಮುಟ್ಟಲಾಗದಷ್ಟು ಕಾದಿತ್ತು. ಮೋಟ ಬಾಯಿ ತೆರೆದುಕೊಂಡು ಮೂಲೆಯಲ್ಲಿ ಬಿದ್ದಿತ್ತು.

ನೀರು ಚಿಮುಕಿಸಿದಳು, ಅಂಗೈಯಲ್ಲಿಟ್ಟು ಊದಿದಳು, ಅದು ಅಲುಗಲಿಲ್ಲ. ಅದನ್ನು ಬರಿಗೈಯಲ್ಲಿ ಮುಟ್ಟಿದ್ದು ಅದೇ ಮೊದಲು. ಒಳ್ಳೆಯದಾಗಲೆಂದೇ ಇಟ್ಟೆ ಎಂದರೆ ಯಾರು ನಂಬುತ್ತಾರೆ? ನಲ್ಲಿಯ ಪಕ್ಕ ಹೂತು, ಅಳುತ್ತಲೇ ಕಲ್ಲುಗೋಡೆಯ ಸಂದಿಗೆ ಕೈಹಾಕಿದಳು. ಸಿಕ್ಕಿದ ಹಾವುರಾಣಿ ಒದ್ದಾಡಿ ಬಾಲ ಕಳಚಿಕೊಂಡಿತು. ಆದರೂ ಅವಳು ಕೈಬಿಡಲಿಲ್ಲ. ಬಾಲದ ತುಂಡು ನೆಲದ ಮೇಲೆ ಹೊರಳಾಡುತ್ತಿತ್ತು. ಈಗ ಇದೂ ಮೋಟನೇ ಎಂದುಕೊಂಡು ಪೆಟ್ಟಿಗೆಗೆ ಹಾಕಿದಳು.

ಸಂಜೆ ಹುಡುಗಿ ಚೀಲವನ್ನೂ ಇಳಿಸದೆ ಪೆಟ್ಟಿಗೆಯ ಬಳಿ ಓಡಿದಳು. ಕೈ ಒಳಗಿಟ್ಟರೆ ಹಾವುರಾಣಿ ಮೂಲೆಗೆ ಸರಿಯಿತು. ಬಿಟ್ಟುಹೋದದ್ದಕ್ಕೆ ಕೋಪ ಇರಬೇಕು ಎಂದಳು. ಬಾಲದ ತುದಿಯ ಹಸಿಗಾಯ ಕಂಡು, ಗಾಜಿಗೆ ಉಜ್ಜಿಕೊಂಡಿರಬೇಕು ಎಂದು ಅದಕ್ಕೂ ತಾನೇ ಕಾರಣ ಹುಡುಕಿಕೊಂಡಳು. ಆಮೇಲೆ ಬಂದು ಚಿಕ್ಕಮ್ಮನ ಸೊಂಟವನ್ನು ಬಳಸಿದಳು.

"ಚೆನ್ನಾಗಿ ನೋಡ್ಕೊಂಡಿದ್ದೀಯ ಅಮ್ಮ."

ಎಷ್ಟು ಕಾದಿದ್ದಳು ಆ ಒಂದು ಮಾತಿಗೆ. ಬಂದೇ ಬಂತು, ಆದರೆ ಮಣ್ಣಿನಡಿ ಮಲಗಿದ್ದ ಮೋಟನ ಹೆಸರಲ್ಲಿ ಬಂತು. ಬಾಯಿ ಬಿಡದಿದ್ದರೆ ನಾಳೆಯೂ ಬರುತ್ತಿತ್ತು, ನಾಡಿದ್ದೂ. ಏನೂ ತಿಳಿಯದ ಮಗುವಿಗೆ ಮೋಸ ಮಾಡಿ ಆ ಮಾತನ್ನು ಇಟ್ಟುಕೊಳ್ಳಲು ಚಿಕ್ಕಮ್ಮನಿಂದ ಆಗಲಿಲ್ಲ.

"ಇದು ಮೋಟ ಅಲ್ಲ ಕಂದ. ಅದನ್ನ ನಾನೇ ಬಿಸಿಲಲ್ಲಿಟ್ಟು ಮರೆತೆ. ಸತ್ತುಹೋಯ್ತು. ನಲ್ಲಿ ಪಕ್ಕ ಹೂತಿದ್ದೀನಿ."

ಸೊಂಟದ ಸುತ್ತಲಿದ್ದ ಹುಡುಗಿಯ ಕೈ ಸಡಿಲವಾಯಿತು. ನಲ್ಲಿಯ ಪಕ್ಕದ ಹಸಿಮಣ್ಣಿನ ಮುಂದೆ ಕುಕ್ಕುರುಗಾಲಲ್ಲಿ ಸ್ವಲ್ಪ ಹೊತ್ತು ಕೂತಿದ್ದಳು. ಮತ್ತೆ ಒಳಗೆ ಹೋಗಿ ಪೆಟ್ಟಿಗೆಯನ್ನು ಎದೆಗವಚಿಕೊಂಡು ಬಂದಳು.

"ಮೋಟನ ಬದಲಿಗೆ ಬೇರೇದು ಬೇಡ ನಂಗೆ. ಹಿಡಿದ ಜಾಗದಲ್ಲೇ ಬಿಡ್ಬೇಕು. ಎಲ್ಲಿ ಹಿಡಿದ್ರಿ, ತೋರಿಸಿ ಚಿಕ್ಕಮ್ಮ."

ಚಿಕ್ಕಮ್ಮ ಸೆರಗಿನಲ್ಲಿ ಕಣ್ಣೊರೆಸಿಕೊಂಡು, ಜಾಗ ತೋರಿಸಲು ಗೋಡೆಯ ಕಡೆಗೆ ಮುಂದೆ ನಡೆದಳು.