ಚಾಲಕಿಯ ಸೀಟಿನಲ್ಲಿ ಕೂತವರು ಯಾರು?

ಆಗಸ್ಟ್ ತಿಂಗಳ ಎರಡನೆಯ ಮಂಗಳವಾರ ಲಾತಾಯಿಯ ಮನೆಯ ಅಂಚೆಪೆಟ್ಟಿಗೆಗೆ ಒಂದು ಕಾಗದ ಬಂತು. ಅದು ಬಂದದ್ದು ಅವಳ ಅತ್ತೆ ಕಲೊಲೈನೆಯ ಹೆಸರಿಗೆ. ಜುಲೈ ಐದನೆಯ ತಾರೀಖು, ಶನಿವಾರ, ಮಧ್ಯಾಹ್ನ ನಾಲ್ಕು ಗಂಟೆ ಹನ್ನೆರಡು ನಿಮಿಷಕ್ಕೆ ನೀವು ವ್ಯಾನು ಚಲಾಯಿಸುತ್ತಿದ್ದಾಗ ನಿಮ್ಮ ತೊಡೆಯ ಮೇಲೆ ಮೊಬೈಲ್ ಫೋನು ಇತ್ತು. ಇದಕ್ಕೆ ದಂಡ, ಜೊತೆಗೆ ನಿಮ್ಮ ಚಾಲನಾ ಪರವಾನಗಿಯ ಮೇಲೆ ಐದು ದಂಡಾಂಕ ಎಂದು ಅದರಲ್ಲಿ ಬರೆದಿತ್ತು.

ಕಲೊಲೈನೆಯನ್ನು ಜೂನ್ ಹದಿನಾಲ್ಕರಂದೇ ಮಣ್ಣು ಮಾಡಿದ್ದರು.

ಲಾತಾಯಿ ಕಾಗದವನ್ನು ಮತ್ತೊಮ್ಮೆ ಓದಿದಳು. ಅಷ್ಟರಲ್ಲಿ ಮೈದುನ ಸೆಮಿಸಿ ವ್ಯಾನಿನ ಕೀಲಿ ಕೇಳಿಕೊಂಡು ಒಳಗೆ ಬಂದ. ಎಂಟು ಸೀಟಿನ ಆ ಬಿಳಿಯ ವ್ಯಾನು ದಾಖಲೆಯಲ್ಲಿ ಲಾತಾಯಿಯದು. ಬಳಕೆಯಲ್ಲಿ ಇಡೀ ಬಳಗದ್ದು. ಮೌಂಟ್ ಡ್ರೂಯಿಟ್ ಬಡಾವಣೆಯಲ್ಲಿ ನೆಲೆಸಿದ, ಟೋಂಗಾ ದ್ವೀಪಗಳಿಂದ ವಲಸೆ ಬಂದವರ ಮನೆಗಳಲ್ಲಿ ನೆಂಟರು ಕೇಳಿದ್ದಕ್ಕೆ ಇಲ್ಲವೆನ್ನುವ ವಾಡಿಕೆಯಿಲ್ಲ.

"ಇದೇನೋ ಸೆಮಿಸಿ ಇದು?"

"ಓ, ಅದಾ? ಹೋದ ತಿಂಗಳು ನಿಮ್ಮ ಹೆಸರಿಗೆ ಬಂದಿತ್ತಲ್ಲ ಅತ್ತಿಗೆ, ನೀವು ಒಡೆದೂ ನೋಡದೆ ನಂಗೆ ಕೊಟ್ರಲ್ಲ, ಅದೇ. ನಿಮ್ದು ಆಗ್ಲೇ ಒಂಬತ್ತು ಪಾಯಿಂಟು. ಐದು ಸೇರಿದ್ರೆ ಹದಿನಾಲ್ಕು. ಹದಿಮೂರಕ್ಕೇ ಲೈಸೆನ್ಸು ಹೋಗುತ್ತೆ. ಅದಕ್ಕೆ ಓಡಿಸ್ತಿದ್ದಿದ್ದು ಅಮ್ಮ ಅಂತ ಫೋನಲ್ಲೇ ಹಾಕ್ಬಿಟ್ಟೆ."

"ಲೋ, ಅಮ್ಮ ಹೋಗಿ ಮೂರು ವಾರ ಆಗಿತ್ತು ಕಣೋ!"

ಸೆಮಿಸಿ ತಾರೀಖಿನ ಮೇಲೆ ಬೆರಳಿಟ್ಟು ನಿಂತ. "ತಾರೀಖು ನೋಡ್ಲಿಲ್ಲ ಅತ್ತಿಗೆ. ಬೆರಳಿಗೆ ಅಮ್ಮನ ಲೈಸೆನ್ಸ್ ನಂಬರೇ ಅಭ್ಯಾಸ ಆಗೋಗಿದೆ."

ಅಭ್ಯಾಸವೆಂದದ್ದು ಸುಳ್ಳಲ್ಲ. ಹಿಂದೆ ಎರಡು ಬಾರಿ ತಾನೇ ವೇಗವಾಗಿ ಓಡಿಸಿ ಸಿಕ್ಕಿಬಿದ್ದಾಗಲೂ ಅವನು ಬರೆದದ್ದು ತಾಯಿಯ ಹೆಸರನ್ನೇ. ಹತ್ತು ವರ್ಷದಿಂದ ಸ್ಟೇರಿಂಗ್ ಮುಟ್ಟದ ಮುದುಕಿ ಆಗ ಹೊಟ್ಟೆ ಕುಲುಕಿಸಿ ನಕ್ಕಿದ್ದಳು: "ಹಾಕ್ರೋ ನನ್ನ ತಲೆ ಮೇಲೆ. ಹಂದಿ ಸುಟ್ರೆ ಎಲ್ಲರಿಗೂ ಪಾಲು, ತಪ್ಪಿಗೆ ಮಾತ್ರ ಪಾಲಿಲ್ವಾ?" ಆ ಮನೆಯಲ್ಲಿ ಯಾರಿಗೂ ಅದು ಮೋಸವೆನಿಸಿರಲಿಲ್ಲ. ಭಾರ ಹಂಚಿಕೊಳ್ಳುವುದು ಅವರು ಕಲಿತು ಬಂದ ನಡತೆ.

"ಹಾಗಾದ್ರೆ ಅವತ್ತು ಓಡಿಸಿದ್ದು ನೀನಾ?" ಲಾತಾಯಿ ಕೇಳಿದಳು.

"ಶನಿವಾರ ನಂಗೆ ನ್ಯೂಕಾಸಲ್‌ನಲ್ಲಿ ರಗ್ಬಿ ಮ್ಯಾಚು. ನೀವಲ್ವಾ?"

"ನಾನಾಗಿದ್ರೆ ನಂಗೆ ನೆನಪಿರ್ತಿರಲಿಲ್ವಾ?"

ಸೆಮಿಸಿ ಫೋನು ತೆಗೆದು, ಅಲ್ಲಿಯವರೆಗೆ ತೆರೆದೇ ನೋಡದಿದ್ದ ಚಿತ್ರವನ್ನು ತೆರೆದ. ಹೆದ್ದಾರಿಯ ಮೇಲಿನ ಕ್ಯಾಮೆರಾ ಎತ್ತರದಿಂದ, ಮುಂಗಾಜಿನ ಮೂಲಕ ತೆಗೆದ ಕಪ್ಪುಬಿಳುಪಿನ ಚಿತ್ರ ಅದು. ಚಾಲಕಿಯ ಮುಖವಿರಲಿಲ್ಲ, ವ್ಯಾನಿನ ಛಾವಣಿ ಅವಳನ್ನು ಗದ್ದದ ಕೆಳಗೇ ಕತ್ತರಿಸಿತ್ತು. ಕಪ್ಪು ಬಟ್ಟೆ. ಸ್ಟೇರಿಂಗಿನ ಮೇಲೆ ಎರಡು ಕೈ. ಸೊಂಟಕ್ಕೆ, ಸಾವಾದ ಮನೆಯ ಟೋಂಗನ್ನರು ತಿಂಗಳುಗಟ್ಟಲೆ ಉಡುಪಿನ ಮೇಲೆ ಸುತ್ತಿಕೊಳ್ಳುವ ಸೂತಕದ ಚಾಪೆ, ಅದರ ಮೇಲೆ ಫೋನು. ಚಾಪೆಯ ಅಂಚಿನಲ್ಲಿ ಒಂದರ ಪಕ್ಕ ಒಂದು ಮೂರು ತೇಪೆ.

ಆ ತೇಪೆಗಳನ್ನು ಮನೆಯವರೆಲ್ಲ ಬಲ್ಲರು. ಅದು ಕಲೊಲೈನೆಯ ಚಾಪೆ. ಅವಳು ತೀರಿಕೊಂಡಂದಿನಿಂದ ಅವಳ ಮಂಚದ ಕೆಳಗೆ ಮಡಿಸಿಟ್ಟದ್ದು. ಲಾತಾಯಿ ಸುತ್ತಿಕೊಳ್ಳುತ್ತಿದ್ದುದು ಬೇರೆಯದನ್ನು.

ಮಾವ ಮನಾಸೆ ಕುರ್ಚಿಯಿಂದ ಕೈ ಚಾಚಿದ. ಅವನ ಎರಡೂ ಮೂತ್ರಪಿಂಡ ಸೋತಿವೆ. ಮಂಗಳವಾರ, ಗುರುವಾರ, ಶನಿವಾರ ಡಯಾಲಿಸಿಸ್‌ಗೆ ಹೋಗಲೇಬೇಕು. ಲಾತಾಯಿಯ ಗಂಡ ದೂರದ ಗಣಿಯಲ್ಲಿ ಕೆಲಸಕ್ಕಿರುವುದರಿಂದ ಕರೆದೊಯ್ಯುವವಳು ಅವಳೇ. ಚಿತ್ರದಲ್ಲಿ ಪಕ್ಕದ ಸೀಟಿನಲ್ಲಿ ಕೆಳಕ್ಕೆ ಜಾರಿ, ಕಣ್ಣು ಮುಚ್ಚಿ ಒರಗಿದ್ದವನು ಅವನೇ.

"ಅವತ್ತು ಅವಳೇ ನನ್ನನ್ನ ಮನೆಗೆ ಕರ್ಕೊಂಡು ಬಂದಿದ್ದು," ಎಂದ ಮುದುಕ.

"ಯಾರು ಮಾವ?"

"ನಿಮ್ಮತ್ತೆ. ನಾನು ಕಣ್ಣು ಬಿಟ್ಟಿರ್ಲಿಲ್ಲ. ಅವಳು ಮೈಗೆ ಹಚ್ತಿದ್ದ ಎಣ್ಣೆ ವಾಸನೆ ಬಂತು. ಮಾತಾಡ್ಸಿದೆ, ಉತ್ತರ ಕೊಡ್ಲಿಲ್ಲ. ನೀರು ಬೇಕು ಅಂದೆ, ಅದಕ್ಕೂ ಇಲ್ಲ. ಸುಮ್ನೆ ಓಡಿಸ್ತಾನೇ ಇದ್ಲು."

"ಅಪ್ಪಾ, ಇದನ್ನ ನಮಗೆ ಯಾಕೆ ಹೇಳ್ಲಿಲ್ಲ?" ಸೆಮಿಸಿ ಕೇಳಿದ.

"ಹೇಳಿದ್ರೆ ಬರೋದು ನಿಲ್ಲಿಸ್ತಾಳೆ ಅಂತ." ಮನಾಸೆ ಚಿತ್ರದ ಮೇಲೆ ಹೆಬ್ಬೆರಳು ಸವರಿದ. "ಒಂದ್ಸಲ ಅಲ್ಲ ಕಣಮ್ಮ. ನಾಲ್ಕೈದು ಸಲ ಬಂದಿದಾಳೆ."

ಸೆಮಿಸಿ ಮೇಜಿನ ಮೇಲಿದ್ದ ಕೀಲಿಯನ್ನು ದೂರ ತಳ್ಳಿದ. "ವ್ಯಾನು ಬೇಡ ಬಿಡಿ ಅತ್ತಿಗೆ. ನಾನು ಬಸ್ಸಲ್ಲೇ ಹೋಗ್ತೀನಿ."

ಗುರುವಾರ, ಮಾವ ಡಯಾಲಿಸಿಸ್‌ನಲ್ಲಿದ್ದ ಬಿಡುವಿನ ಹೊತ್ತಿನಲ್ಲಿ ಲವೀನಿಯಾ ಬಂದಳು. ಲಾತಾಯಿಯ ಬಾಲ್ಯದ ಗೆಳತಿ. ಈಗ ಉಚಿತ ಕಾನೂನು ನೆರವಿನ ಕೇಂದ್ರದಲ್ಲಿ ಕೆಲಸ. ತೆಂಗಿನಹಾಲಿನಲ್ಲಿ ಬೇಯಿಸಿದ ಕೆಸುವಿನೆಲೆಯ ಪೊಟ್ಟಣವನ್ನು ಅಡುಗೆಮನೆಯಲ್ಲಿಟ್ಟು, ಕೈ ತೊಳೆದು, ಚಿತ್ರವನ್ನು ಬಹಳ ಹೊತ್ತು ನೋಡಿದಳು. ದೆವ್ವದ ಮಾತು ಎತ್ತಲೇ ಇಲ್ಲ.

"ಆ ಶನಿವಾರ ಏನೇನು ಮಾಡ್ದೆ, ಒಂದೊಂದಾಗಿ ಹೇಳು."

ಲಾತಾಯಿಯದು ಮನೆಮನೆಗೆ ಹೋಗಿ ವೃದ್ಧರನ್ನು ನೋಡಿಕೊಳ್ಳುವ ಕೆಲಸ. "ಶುಕ್ರವಾರ ರಾತ್ರಿ ಪಾಳಿ. ಬೆಳಗ್ಗೆ ಬಂದು ಮಾವನ್ನ ಆಸ್ಪತ್ರೆಗೆ ಬಿಟ್ಟೆ. ಅಲ್ಲಿಂದ ಒಂದು ಅಜ್ಜಿಗೆ ಸ್ನಾನ, ಊಟ. ಮೂರು ಗಂಟೆಗೆ ಅವರ ಬಾಗಿಲು ಹಾಕ್ದೆ."

"ಆಮೇಲೆ?"

"ಆಮೇಲೆ ಇಲ್ಲಿ ಟೀಗೆ ನೀರಿಟ್ಟೆ."

"ಮಧ್ಯೆ?"

ಲಾತಾಯಿ ಮೇಜಿನ ಮೇಲೆ ಬೆರಳಿನಿಂದ ದಾರಿ ಎಳೆಯತೊಡಗಿ, ಅರ್ಧಕ್ಕೇ ನಿಲ್ಲಿಸಿದಳು.

"ಮಧ್ಯೆ ಇಪ್ಪತ್ತೆರಡು ಕಿಲೋಮೀಟರು ಇದೆ ಕಣೇ," ಎಂದಳು ಲವೀನಿಯಾ ಮೆಲ್ಲಗೆ. ಚಿತ್ರವನ್ನು ದೊಡ್ಡದು ಮಾಡಿ, ಚಾಲಕಿಯ ಎಡ ಮುಂಗೈಯನ್ನು ತೋರಿಸಿದಳು. ಅಲ್ಲಿ ಅಂಗೈಯಗಲದ ಬಿಳಿಯ ಪಟ್ಟಿಯೊಂದು ಅಂಟಿಕೊಂಡಿತ್ತು.

ಲಾತಾಯಿ ತನ್ನ ಅಂಗಿಯ ಎಡ ತೋಳನ್ನು ಮೇಲಕ್ಕೆ ಸರಿಸಿದಳು. ಜುಲೈ ಮೂರರಂದು ಒಲೆಯ ತಟ್ಟೆ ತಗುಲಿ ಸುಟ್ಟ ಗಾಯ ಈಗ ತಿಳಿಗೆಂಪು ಕಲೆಯಾಗಿತ್ತು. ಚಿತ್ರದ ಕೈಯ ಪಕ್ಕದಲ್ಲಿ ಅವಳು ತನ್ನ ಕೈಯನ್ನಿಟ್ಟಳು. ಜಾಗ ಒಂದೇ, ಅಳತೆ ಒಂದೇ. ಅಂದು ತನ್ನ ಚಾಪೆ ಒದ್ದೆಯಾಗಿತ್ತೆ? ಅತ್ತೆಯದನ್ನು ತಾನೇ ಎಳೆದು ಸುತ್ತಿಕೊಂಡಳೆ? ಅದರಲ್ಲಿ ಉಳಿದಿದ್ದ ಎಣ್ಣೆಯ ವಾಸನೆಯನ್ನೇ ಮಾವ ಮೂಸಿದನೆ? ಎಷ್ಟು ಹುಡುಕಿದರೂ ನೆನಪಿನಲ್ಲಿ ಏನೂ ಸಿಗಲಿಲ್ಲ.

"ಮಾವ ನೀರು ಕೇಳಿದಾರೆ. ನಾನು ಕೊಟ್ಟಿಲ್ಲ."

"ಅಲ್ಲಿ ದೆವ್ವ ಕೂತಿರ್ಲಿಲ್ಲ ಲಾತಾಯಿ. ನಿದ್ದೆಗೆಟ್ಟ ಕೈ ಅಭ್ಯಾಸದ ಮೇಲೆ ಓಡಿಸ್ತಿತ್ತು, ಅಷ್ಟೆ. ಅಲ್ಲಿ ಯಾರೂ ಕೂತಿರ್ಲಿಲ್ಲ."

ಬಾಗಿಲಿಗೆ ಒರಗಿದ್ದ ಸೆಮಿಸಿ ಒಂದು ಹೆಜ್ಜೆ ಒಳಗೆ ಬಂದ.

"ಸರಿ, ಅತ್ತಿಗೇನೇ ಇರ್ಲಿ. ಆದ್ರೂ ಅಮ್ಮನ ಹೆಸರಲ್ಲೇ ಬಿಟ್ಬಿಡೋಣ. ಗೋರಿ ಹತ್ರ ಹೋಗಿ ಯಾರಾದ್ರೂ ಲೈಸೆನ್ಸು ಕೇಳ್ತಾರಾ?"

"ರಗ್ಬಿ ಬಿಟ್ಟು ವಕೀಲಿಕೆ ಯಾವಾಗ ಶುರು ಮಾಡ್ದೆಯಪ್ಪ?" ಲವೀನಿಯಾ ತಿರುಗಿದಳು. "ಓಡಿಸದೇ ಇರೋರ ಹೆಸರು ಕೊಡೋದು ಅಪರಾಧ. ಬದುಕಿರೋರದ್ದಾದ್ರೂ ಅಷ್ಟೇ, ಅವರೇ ಒಪ್ಕೊಂಡ್ರೂ ಅಷ್ಟೇ. ಪಾಯಿಂಟು ಹಂಚ್ಕೊಳ್ಳೋಕೆ ಹಂದಿ ಮಾಂಸ ಅಲ್ಲ. ಈ ಹೆಸರಿನವರು ತೀರ್ಕೊಂಡಿದಾರೆ ಅಂತ ಅವರ ಕಂಪ್ಯೂಟರಿಗೆ ಇವತ್ತಲ್ಲ ನಾಳೆ ಗೊತ್ತಾಗುತ್ತೆ."

"ಅಲ್ಲ, ಫೋನು ಸುಮ್ನೆ ತೊಡೆ ಮೇಲಿತ್ತು! ಅತ್ತಿಗೆ ಮಾತಾಡ್ತಿದ್ರಾ?"

"ತೊಡೆ ಮೇಲಿದ್ರೆ ಸಾಕು, ಮುಟ್ಟೋದೇ ಬೇಡ. ಬೇಕಾದ್ರೆ ಮುಂದುಗಡೆ ಸ್ಟ್ಯಾಂಡಿಗೆ ಸಿಗಿಸ್ಬೇಕು, ಇಲ್ಲಾಂದ್ರೆ ಚೀಲದಲ್ಲಿಡ್ಬೇಕು. ಲಾತಾಯಿ, ನಿನ್ನ ಆ ಒಂಬತ್ತು ಹೇಗೆ ಬಂತು?"

"ಎರಡ್ಸಲ ವೇಗ, ಮೂರು ಮೂರು. ಇನ್ನೊಂದು ಮೂರು ಮಾವನ ಬೆಲ್ಟಿಂದ. ಎದೇಲಿರೋ ಡಯಾಲಿಸಿಸ್ ನಳಿಕೆಗೆ ಒತ್ತುತ್ತೆ ಅಂತ ಅವರು ಬೆಲ್ಟನ್ನ ಕಂಕುಳ ಕೆಳಗೆ ಹಾಕ್ಕೊಂಡಿದ್ರು."

"ಪಕ್ಕದಲ್ಲಿ ಕೂತೋರ ಬೆಲ್ಟು ತಪ್ಪಿದ್ರೂ ಪಾಯಿಂಟು ಓಡಿಸೋರಿಗೇ."

"ಮೊದಲ್ನೇದು ಹಳೇದಾಯ್ತಲ್ಲ, ಬಿದ್ದೋಗಿರುತ್ತೆ ಬಿಡಿ," ಎಂದ ಸೆಮಿಸಿ.

"ಎರಡು ವರ್ಷ ಮೂರು ತಿಂಗಳು ಆಗಿದೆ ಅಷ್ಟೆ. ಮೂರು ವರ್ಷ ಲೆಕ್ಕದಲ್ಲಿರುತ್ತೆ. ಲೆಕ್ಕ ಶುರುವಾಗೋದು ಕಾಗದ ಬಂದ ದಿನದಿಂದ ಅಲ್ಲ, ತಪ್ಪಾದ ದಿನದಿಂದ. ದಂಡ ಕಟ್ಟಿದ್ರೆ ಪಾಯಿಂಟು ಹೋಗಲ್ಲ. ಹದಿನಾಲ್ಕು ಅಂದ್ರೆ ಹದಿನಾಲ್ಕೇ."

ಲಾತಾಯಿಯ ಕಣ್ಣು ತುಂಬಿತು. "ಲೈಸೆನ್ಸು ಹೋದ್ರೆ ನನ್ನ ಕೆಲಸ ಹೋಗುತ್ತೆ. ಕೆಲಸ ಹಾಳಾಗ್ಲಿ, ಮಾವ? ವಾರಕ್ಕೆ ಮೂರ್ಸಲ ಅಲ್ಲಿಗೆ ತಲುಪಲಿಲ್ಲ ಅಂದ್ರೆ ಅವರು ಉಳಿಯಲ್ಲ."

"ಅದನ್ನ ಮಾತಾಡೋಕೇ ಬಂದಿರೋದು ನಾನು. ಮೊದಲು ನಮ್ಮ ಕೇಂದ್ರದ ವಕೀಲರ ಹತ್ರ ಕೂತು, ಇದನ್ನ ನಿನ್ನ ಹೆಸರಿಗೆ ಸರಿ ಮಾಡ್ಸು. ಸೆಮಿಸಿ, ನೀನೂ ಬಾ. ನಿನ್ನ ಹಳೇ ಎರಡು ಕತೆ ನಂಗೆ ಗೊತ್ತಿಲ್ಲ ಅಂದ್ಕೋಬೇಡ. ಏನೂ ಬರೆಯೋಕೆ ಮುಂಚೆ ಅವರಿಗೆ ಎಲ್ಲಾ ಹೇಳು."

ಹಾಗೆಯೇ ನಡೆಯಿತು. ಐದು ದಂಡಾಂಕ ಲಾತಾಯಿಯ ಹೆಸರಿಗೆ ಬಂದವು. ತಿಂಗಳ ಬಳಿಕ ಬಂದ ಕಾಗದದಲ್ಲಿ ಎರಡು ದಾರಿಗಳಿದ್ದವು. ಒಂದು, ಮೂರು ತಿಂಗಳು ವಾಹನ ಮುಟ್ಟದೆ ಇರುವುದು. ಇನ್ನೊಂದು, ಹನ್ನೆರಡು ತಿಂಗಳ ಸದ್ವರ್ತನೆಗೆ ಒಪ್ಪಿ ಓಡಿಸುತ್ತಲೇ ಇರುವುದು. ಆದರೆ ಆ ಅವಧಿಯಲ್ಲಿ ಎರಡು ದಂಡಾಂಕ ಬಂದರೂ ನಿಷೇಧ ಇಮ್ಮಡಿ, ಅಂದರೆ ಆರು ತಿಂಗಳು.

"ಇದರಲ್ಲಿ ಯೋಚನೆ ಮಾಡೋದೇನಿದೆ ಅತ್ತಿಗೆ? ಹನ್ನೆರಡು ತಿಂಗಳದ್ದು ತಗೊಳ್ಳಿ, ಓಡಿಸ್ತಾ ಇರಿ!"

"ಎಷ್ಟೋ ಜನಕ್ಕೆ ಅದೇ ಸರಿ," ಎಂದಳು ಲವೀನಿಯಾ. "ನಿನ್ನ ವಿಷಯ ನೀನೇ ನೋಡ್ಕೋಬೇಕು."

ಲಾತಾಯಿ ಪೆನ್ನು ಹಿಡಿದು ಕುಳಿತಿದ್ದಳು. "ಸರಿಯಾಗಿ ಓಡಿಸ್ತೀನಿ ಅಂತ ನಾನು ಸಹಿ ಹಾಕ್ಬೋದು. ಆದ್ರೆ ಅವತ್ತು ಓಡಿಸಿದ್ಲಲ್ಲ, ಅವಳ ಪರವಾಗಿ ಯಾರು ಸಹಿ ಹಾಕ್ತಾರೆ? ನಾಲ್ಕೈದು ಸಲ ಬಂದಿದಾಳಂತೆ. ಯಾವಾಗ ಬರ್ತಾಳೆ ಅಂತ ನಂಗೇ ಗೊತ್ತಾಗಲ್ಲ."

ಅವಳು ಮೂರು ತಿಂಗಳ ನಿಷೇಧವನ್ನು ಆರಿಸಿಕೊಂಡಳು.

ಆಸ್ಪತ್ರೆಯ ಸಮಾಜ ಕಾರ್ಯಕರ್ತೆಯನ್ನು ಕೇಳಿದಾಗ, ಗುರುವಾರಗಳಿಗೆ ರೋಗಿಗಳ ವಾಹನ ದೊರೆಯಿತು. ಶನಿವಾರಗಳನ್ನು ಚರ್ಚಿನ ಇಬ್ಬರು ಗೆಳತಿಯರು ಹಂಚಿಕೊಂಡರು. ಲಾತಾಯಿ ಮೇಲಧಿಕಾರಿಗೆ ಇದ್ದದ್ದನ್ನು ಇದ್ದಂತೆ ಹೇಳಿ, ರೈಲಿನಲ್ಲಿ ಹೋಗಬಹುದಾದ ಒಂದು ವೃದ್ಧಾಶ್ರಮಕ್ಕೆ ವರ್ಗ ಕೇಳಿದಳು. ಪಾಳಿಗಳು ಕಡಿಮೆಯಾದವು, ಕೆಲಸ ಉಳಿಯಿತು. ರಾತ್ರಿ ಪಾಳಿಯ ಮರುದಿನ ಅವಳು ಮಲಗತೊಡಗಿದಳು. ಮಂಗಳವಾರಗಳು ಸೆಮಿಸಿಯ ಪಾಲಿಗೆ ಬಂದವು. ಅವನ ಹಳೆಯ ಎರಡು ಸುಳ್ಳುಗಳ ವಿಚಾರಣೆ ಇನ್ನೂ ನಡೆಯುತ್ತಿದೆ. ಅದರ ಫಲವನ್ನು ತಾನೇ ಉಣ್ಣುವುದಾಗಿ ಅವನು ವಕೀಲರ ಮುಂದೆ ಒಪ್ಪಿಕೊಂಡಿದ್ದಾನೆ.

ನಿಷೇಧದ ಮೊದಲ ಮಂಗಳವಾರ ಬೆಳಗ್ಗೆ ಸೆಮಿಸಿ ಓಡಿಸಿದ. ಮನಾಸೆ ಪಕ್ಕದಲ್ಲಿ, ನಳಿಕೆಯ ಮೇಲೆ ಮೆತ್ತನೆಯ ಬಟ್ಟೆಯಿಟ್ಟು ಬೆಲ್ಟನ್ನು ಭುಜದ ಮೇಲಿಂದಲೇ ಹಾಕಿಕೊಂಡು ಕುಳಿತಿದ್ದ. ಲಾತಾಯಿ ಹಿಂದೆ, ಕಿಟಕಿಯ ಬಳಿ. ಎರಡು ವರ್ಷದಿಂದ ವಾರಕ್ಕೆ ಮೂರು ಸಲ ಹೋಗಿ ಬಂದ ದಾರಿ ಅದು. ಹೆದ್ದಾರಿಯಿಂದ ಇಳಿದು ಎರಡನೆಯ ತಿರುವಿನಲ್ಲಿ ವ್ಯಾನು ನಿಧಾನವಾಗಿ ನಿಂತಿತು. ನೀಲಿ ಗೇಟೊಂದರಿಂದ ಚೀಲ ಹೊತ್ತ ಪುಟ್ಟ ಮಕ್ಕಳು ಸಾಲಾಗಿ ಬಂದು, ವ್ಯಾನಿನ ಮೂತಿಯ ಮುಂದೆಯೇ ರಸ್ತೆ ದಾಟಿದರು. ಒಂದು ಮಗು ಸೆಮಿಸಿಗೆ ಕೈ ಬೀಸಿತು.

"ಇಲ್ಲಿ ಯಾವಾಗ ಶಾಲೆ ಮಾಡಿದ್ರು?" ಲಾತಾಯಿ ಕೇಳಿದಳು.

ಸೆಮಿಸಿ ಕನ್ನಡಿಯಲ್ಲಿ ಅವಳ ಮುಖ ನೋಡಿದ. ಅವಳು ತಮಾಷೆ ಮಾಡುತ್ತಿರಲಿಲ್ಲ.

"ಅತ್ತಿಗೆ, ನಾನು ಓದಿದ್ದೇ ಇಲ್ಲಿ."

ಓದುಗರೇ, ನಿಮ್ಮ ಪರವಾನಗಿಯಲ್ಲಿ ಎಷ್ಟು ದಂಡಾಂಕಗಳಿವೆ ಎಂದು ಇಂದೇ ನೋಡಿಕೊಳ್ಳಿ. ನೀವಿರುವ ರಾಜ್ಯದ ಲೆಕ್ಕ ಬೇರೆಯಿದ್ದೀತು, ವಿಚಾರಿಸಿ. ಬಂದ ಕಾಗದವನ್ನು ನೀವೇ ಒಡೆದು ಓದಿ. ಇನ್ನೊಬ್ಬರ ತಪ್ಪಿಗೆ ನಿಮ್ಮ ಹೆಸರನ್ನು ಕೊಡಬೇಡಿ, ನಿಮ್ಮ ತಪ್ಪಿಗೆ ಇನ್ನೊಬ್ಬರದನ್ನು ಬರೆಯಬೇಡಿ. ನಿಷೇಧದ ಅಂಚಿಗೆ ಬಂದಿದ್ದರೆ ಅವಿತುಕೊಳ್ಳದೆ ಉಚಿತ ಕಾನೂನು ಕೇಂದ್ರಕ್ಕೆ ಹೋಗಿ. ಬಳಗದವರ ಭಾರ ಹೊರಬೇಕೆನಿಸಿದರೆ, ದಣಿದವರ ಕೈಯಿಂದ ಸ್ಟೇರಿಂಗನ್ನು ತೆಗೆದುಕೊಳ್ಳಿ. ಮನೆ ತಲುಪಿದ ಮೇಲೆ ಬಂದ ದಾರಿ ನೆನಪಿಲ್ಲವೆಂದರೆ, ಮರುದಿನ ಕೀಲಿಯನ್ನು ಮುಟ್ಟಬೇಡಿ.

ಈಗ ಈ ಹಾಳೆಯನ್ನು ಪಕ್ಕಕ್ಕಿಟ್ಟು ಒಂದು ನಿಮಿಷ ಕಣ್ಣು ಮುಚ್ಚಿ. ನೀವು ದಿನವೂ ಓಡಿಸುವ ದಾರಿಯಲ್ಲಿರುವ ಶಾಲೆಯ ಗೇಟಿನ ಬಣ್ಣ ಯಾವುದು?